ಎಷ್ಟು ವ್ಯಾಟ್ ಎಂದು ಕೇಳುವ ಮುನ್ನ

ಕುಮಾರವ್ಯಾಸನ ರೂಪಕಗಳನ್ನು ಕುರಿತೋ, ವಿಜಯನಗರದ ಆಡಳಿತವನ್ನು ಕುರಿತೋ, ಪಂಚಾಯತಿಗಳ ಅಧಿಕಾರವನ್ನು ಕುರಿತೋ ಲೇಖನ ಬರೆಯುವುದು ನಮ್ಮ ವಾರ್ಷಿಕ ಸಂಚಿಕೆಯ ವಾಡಿಕೆ. ಕಾರಿನ ಡಿಕ್ಕಿಯಲ್ಲಿ ಕೂಡುವ ಸಬ್‌ವೂಫರನ್ನು ಕುರಿತು ಬರೆಯಹೊರಟರೆ ಸಂಪಾದಕರು ಹುಬ್ಬೇರಿಸುವುದು ಸಹಜವೇ. ಕಲಾ ವಿಭಾಗದವನಿಗೆ ಓಮು, ವ್ಯಾಟುಗಳ ಗೊಡವೆ ಏತಕ್ಕೆ ಎಂದು ಸ್ನೇಹಿತರು ಕೇಳಿದ್ದೂ ಆಯಿತು. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಶಾಲೆಯುಂಟು, ಮೀಟರುಂಟು, ಸಂದೇಹ ಬಂದರೆ ಕೇಳಲು ಡೆಮಾನ್‌ಸ್ಟ್ರೇಟರು ಉಂಟು. ನಮಗೆ ಇರುವುದು ಅಂಗಡಿಯವನ ಮಾತೊಂದೇ. ಮಾತನ್ನೇ ನಂಬಿ ಹಣ ಕೊಡಬೇಕಾದವನು ಆ ಮಾತಿನ ಅರ್ಥವನ್ನು ಹೆಚ್ಚಾಗಿ ತಿಳಿದಿರಬೇಕೇ ಹೊರತು ಕಡಿಮೆಯಾಗಿ ಅಲ್ಲ. ಮೇಲಾಗಿ ಈ ಸಾಮಾನುಗಳನ್ನು ಕೊಳ್ಳುವವರು ಯಾರು? ರಜೆಯ ದಿನಗಳಲ್ಲಿ ಟೂರಿಸ್ಟ್ ಕಾರು ಓಡಿಸುವ ನಮ್ಮ ಸಹಪಾಠಿಗಳು, ಅವರ ಅಣ್ಣಂದಿರು, ಭಾವಂದಿರು. ಮೂರು ತಿಂಗಳ ಬಾಡಿಗೆ ದುಡಿದು ಉಳಿಸಿದ ಹಣ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಮತ್ತೊಂದು ವಾರದಲ್ಲಿ ಹೊಗೆಯಾಗಿಯೂ ಹೋಗುವುದುಂಟು.

ಅಂಗಡಿಯಲ್ಲಿ ನಡೆಯುವ ಸಂಭಾಷಣೆಯ ಮಾದರಿ ಎಲ್ಲರಿಗೂ ಗೊತ್ತಿರುವಂಥದೇ. “ಅಣ್ಣಾ, ಇದು ಎಷ್ಟು ವ್ಯಾಟು?” “ಎರಡು ಸಾವಿರ ಸಾರ್. ಹಾಕಿದರೆ ಡಿಕ್ಕಿ ಅಲ್ಲಾಡಬೇಕು.” “ಎಷ್ಟು ಓಮು?” “ಅದೆಲ್ಲಾ ನಿಮಗ್ಯಾಕೆ ಸಾರ್, ನಾವು ಫಿಟ್ ಮಾಡಿಕೊಡ್ತೀವಿ.” ಈ ಕೊನೆಯ ಪ್ರಶ್ನೆಯನ್ನು ಕೇಳುವವರೇ ಅಪರೂಪ, ಕೇಳಿದವರಿಗೆ ಸಿಗುವ ಉತ್ತರ ಇದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯವರೆಗೆ ಒಳ್ಳೆಯ ಕೆಲಸಗಾರರು ಇದ್ದಾರೆಂಬುದನ್ನು ಒಪ್ಪುತ್ತೇನೆ. ಆದರೆ ಒಳ್ಳೆಯ ಕೆಲಸಗಾರನನ್ನು ಗುರುತಿಸುವುದಕ್ಕಾದರೂ ಕೊಳ್ಳುವವನಿಗೆ ಒಂದು ಪ್ರಶ್ನೆ ಗೊತ್ತಿರಬೇಕಷ್ಟೆ.

ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಓಮನ್ನು ಬಿಟ್ಟು ವ್ಯಾಟನ್ನು ಹೇಳುವುದೆಂದರೆ ಕರ್ತೃಪದವಿಲ್ಲದೆ ಕ್ರಿಯಾಪದವನ್ನು ಮಾತ್ರ ಹೇಳಿದಂತೆ. ‘ಹೊಡೆದನು’ ಎಂದರೆ ಯಾರು, ಯಾರನ್ನು? ‘ಐನೂರು ವ್ಯಾಟ್’ ಎಂದರೆ ಎಷ್ಟು ಓಮಿಗೆ? ಆಂಪ್ಲಿಫೈಯರ್ ತನ್ನಷ್ಟಕ್ಕೆ ತಾನು ವ್ಯಾಟುಗಳನ್ನು ಕೊಡುವುದಿಲ್ಲ. ಅದು ಕೊಡುವುದು ವೋಲ್ಟೇಜು, ಎಂದರೆ ವಿದ್ಯುತ್ತಿನ ಒತ್ತಡ. ಆ ಒತ್ತಡಕ್ಕೆ ಸ್ಪೀಕರಿನ ಸುರುಳಿ ಎಷ್ಟು ಅಡ್ಡಿ ಮಾಡುತ್ತದೆಂಬುದರ ಮೇಲೆ ಎಷ್ಟು ಪ್ರವಾಹ ಹರಿಯಬೇಕೆಂಬುದು ನಿರ್ಧಾರವಾಗುತ್ತದೆ. ಆ ಅಡ್ಡಿಗೇ ಇಂಪೀಡೆನ್ಸ್ ಎಂದು ಹೆಸರು. ಅದನ್ನು ಅಳೆಯುವ ಮಾನವೇ ಓಮ್. ಜರ್ಮನಿಯ ಗೇಯೋರ್ಗ್ ಓಮ್ ಎಂಬ ಉಪಾಧ್ಯಾಯನು ೧೮೨೭ರಲ್ಲಿ ಪ್ರಕಟಿಸಿದ ನಿಯಮವೇ ಇಂದಿಗೂ ಡಿಕ್ಕಿಯ ಒಳಗಿನ ವ್ಯವಹಾರವನ್ನೆಲ್ಲ ಆಳುತ್ತಿದೆ.

ಲೆಕ್ಕ ಬಹು ಸುಲಭ. ವೋಲ್ಟನ್ನು ಅದರಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಆಂಪ್ಲಿಫೈಯರು ೨೦ ವೋಲ್ಟ್ ಕೊಡುತ್ತಿದೆ ಎನ್ನೋಣ. ೪ ಓಮಿನ ಸ್ಪೀಕರಿಗೆ ಅದು ೧೦೦ ವ್ಯಾಟ್. ೨ ಓಮಿಗೆ ೨೦೦. ೧ ಓಮಿಗೆ ೪೦೦. ಅದೇ ಆಂಪ್ಲಿಫೈಯರು, ಅದೇ ಒತ್ತಡ. ಹರಿಯುವ ಪ್ರವಾಹ ಮಾತ್ರ ೫ ಆಂಪಿಯರಿನಿಂದ ೧೦ಕ್ಕೆ, ೧೦ರಿಂದ ೨೦ಕ್ಕೆ ಏರುತ್ತದೆ. ಓವರ್‌ಹೆಡ್ ಟ್ಯಾಂಕಿನ ನೀರಿನಂತೆ ಇದು: ನಲ್ಲಿಯ ಬಾಯಿ ಅಗಲವಾದಷ್ಟೂ ಹೆಚ್ಚು ನೀರು ಬರುತ್ತದೆ, ಆದರೆ ಟ್ಯಾಂಕಿಗೆ ನೀರು ತುಂಬುವ ಪೈಪು ಸಣ್ಣದಾದರೆ ಏನಾಗುತ್ತದೆಂಬುದು ಬೇಸಗೆಯಲ್ಲಿ ಹಾಸ್ಟೆಲಿನಲ್ಲಿದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದಲೇ ಪ್ರತಿಯೊಂದು ಆಂಪ್ಲಿಫೈಯರಿಗೂ ‘ಇದಕ್ಕಿಂತ ಕಡಿಮೆ ಓಮಿಗೆ ಹಚ್ಚಬಾರದು’ ಎಂಬ ಒಂದು ಮಿತಿ ಉಂಟು. ಕೆಲವಕ್ಕೆ ೪, ಹಲವಕ್ಕೆ ೨, ಇನ್ನು ಕೆಲವಕ್ಕೆ ೧. ಈ ಮಿತಿಯನ್ನು ದಾಟಿದರೆ ಒಳಗಿನ ಟ್ರಾನ್ಸಿಸ್ಟರುಗಳು ಹೊರಲಾರದ ಪ್ರವಾಹ ಹರಿದು, ಅದೃಷ್ಟವಿದ್ದರೆ ಪ್ರೊಟೆಕ್ಷನ್ ದೀಪ ಹತ್ತಿ ಆಂಪ್ಲಿಫೈಯರು ತಾನಾಗಿ ನಿಲ್ಲುತ್ತದೆ, ಇಲ್ಲವಾದರೆ ಸುಡುತ್ತದೆ.

ಕಾರಿನಲ್ಲಿ ಈ ಓಮಿನ ವಿಷಯಕ್ಕೆ ಇಷ್ಟು ಪ್ರಾಮುಖ್ಯ ಏಕೆ ಬಂತೆಂಬುದಕ್ಕೂ ಕಾರಣವಿದೆ. ಮನೆಯಲ್ಲಿ ನಮಗೆ ೨೩೦ ವೋಲ್ಟ್ ಉಂಟು. ಕಾರಿನಲ್ಲಿ ಇಂಜಿನ್ ಓಡುತ್ತಿರುವಾಗ ಇರುವುದೇ ಹೆಚ್ಚೆಂದರೆ ೧೪.೪ ವೋಲ್ಟ್. ಡ್ಯಾಷ್‌ಬೋರ್ಡಿನಲ್ಲಿರುವ ಸ್ಟೀರಿಯೊ ಈ ಹದಿನಾಲ್ಕು ವೋಲ್ಟನ್ನು ಎಷ್ಟು ಚತುರತೆಯಿಂದ ಉಪಯೋಗಿಸಿದರೂ ಅದರಿಂದ ಹೊರಡುವ ಅಲೆಯ ಶಿಖರ ೧೪.೪ ವೋಲ್ಟನ್ನು ಮೀರುವಂತಿಲ್ಲ. ಅದರ ಸರಾಸರಿ ಬೆಲೆ, ಅಂದರೆ ಆರ್.ಎಂ.ಎಸ್. ಬೆಲೆ, ೧೦ ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಅದನ್ನು ೪ ಓಮಿಗೆ ಲೆಕ್ಕ ಹಾಕಿ ನೋಡಿ: ೨೬ ವ್ಯಾಟ್. ಅದೂ ಕಾಗದದ ಮೇಲೆ. ನಿಜವಾಗಿ ದೊರೆಯುವುದು ಇಪ್ಪತ್ತರ ಆಸುಪಾಸು. ಆದರೂ ಅದೇ ಸ್ಟೀರಿಯೊದ ಮುಖದ ಮೇಲೆ ‘೫೦ ವ್ಯಾಟ್ × ೪’ ಎಂದು ಬೆಳ್ಳಿಯ ಅಕ್ಷರಗಳಲ್ಲಿ ಬರೆದಿರುವುದನ್ನು ನೀವು ನೋಡಿರುತ್ತೀರಿ. ಇದನ್ನು ಸುಳ್ಳೆನ್ನಲು ನನಗೆ ಸಂಕೋಚವೇನೂ ಇಲ್ಲ. ಸಬ್‌ವೂಫರಿಗೆ ಬೇರೆಯೇ ಆಂಪ್ಲಿಫೈಯರು ಬೇಕಾಗುವುದು ಇದೇ ಕಾರಣಕ್ಕಾಗಿ. ಅದರ ಹೊಟ್ಟೆಯೊಳಗೆ ಹನ್ನೆರಡು ವೋಲ್ಟನ್ನು ಏರಿಸುವ ಒಂದು ಏರ್ಪಾಟು ಇರುತ್ತದೆ. ಏರಿಸುವುದಕ್ಕೂ ಒಂದು ಮಿತಿಯಿರುವುದರಿಂದ ತಯಾರಕರು ಓಮನ್ನು ಇಳಿಸುವ ದಾರಿ ಹಿಡಿದರು.

ಇನ್ನು ವ್ಯಾಟುಗಳ ಕಥೆ. ೧೯೯೦ರ ದಶಕದಲ್ಲಿ ಮನೆಮನೆಗೂ ಬಂದ ಟೇಪ್‌ರೆಕಾರ್ಡರುಗಳ ಮೇಲೆ ‘ಪಿ.ಎಂ.ಪಿ.ಒ. ೧೦೦೦ ವ್ಯಾಟ್’ ಎಂಬ ಚೀಟಿ ಅಂಟಿಸಿರುತ್ತಿದ್ದುದನ್ನು ನಮ್ಮ ಅಧ್ಯಾಪಕರು ಬಲ್ಲರು. ಹಿಂದುಗಡೆ ನೋಡಿದರೆ ಆ ಯಂತ್ರ ವಿದ್ಯುತ್ತಿನಿಂದ ಎಳೆದುಕೊಳ್ಳುತ್ತಿದ್ದುದು ಮೂವತ್ತೋ ನಲವತ್ತೋ ವ್ಯಾಟ್! ಒಳಗೆ ನಲವತ್ತು ಹೋಗಿ ಹೊರಗೆ ಸಾವಿರ ಬರಬೇಕಾದರೆ ಅದು ಅಕ್ಷಯಪಾತ್ರೆಯೇ ಆಗಿರಬೇಕು. ಆ ಅಕ್ಷರಗಳು ಈಗ ಹಳತಾದುವು. ಅವುಗಳ ಸ್ಥಾನದಲ್ಲಿ ‘ಮ್ಯಾಕ್ಸ್’ ಮತ್ತು ‘ಪೀಕ್’ ಎಂಬ ಮಾತುಗಳು ಬಂದಿವೆ. ಇವೆಲ್ಲ ಒಂದು ಕ್ಷಣದ ಪೌರುಷವನ್ನು ಹೇಳುವ ಮಾತುಗಳು. ನಮಗೆ ಬೇಕಾದದ್ದು ಗಂಟೆಗಟ್ಟಲೆ ನಡೆಯುವ ಶಕ್ತಿ. ಅದನ್ನು ಹೇಳುವ ಮಾತು ‘ಆರ್.ಎಂ.ಎಸ್.’. ಮನೆಬಳಕೆಯ ಆಂಪ್ಲಿಫೈಯರುಗಳ ಜಾಹೀರಾತುಗಳಲ್ಲಿ ಈ ಬಗೆಯ ಉತ್ಪ್ರೇಕ್ಷೆ ಮಿತಿಮೀರಿದಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೧೯೭೪ರಲ್ಲಿ ಒಂದು ನಿಯಮವನ್ನೇ ಮಾಡಬೇಕಾಯಿತು. ಕಾರಿನ ಆಂಪ್ಲಿಫೈಯರುಗಳಿಗೆ ೨೦೦೩ರಲ್ಲಿ ಅಲ್ಲಿನ ತಯಾರಕರ ಸಂಘವು ಸಿ.ಇ.ಎ.-೨೦೦೬ ಎಂಬ ಅಳತೆಯ ಕ್ರಮವನ್ನು ಗೊತ್ತುಮಾಡಿತು: ೧೪.೪ ವೋಲ್ಟಿನಲ್ಲಿ, ೪ ಓಮಿಗೆ, ನೂರಕ್ಕೆ ಒಂದು ಭಾಗಕ್ಕಿಂತ ಹೆಚ್ಚು ವಿಕಾರವಿಲ್ಲದೆ ಎಷ್ಟು ವ್ಯಾಟ್ ಬರುತ್ತದೆಯೋ ಅಷ್ಟನ್ನೇ ಹೇಳಬೇಕು. ಈಗ ಅದರ ಹೆಸರು ಸಿ.ಟಿ.ಎ.-೨೦೦೬. ಇದು ಕಾಯಿದೆಯಲ್ಲ, ಒಪ್ಪಿದವರು ಪಾಲಿಸುವ ಕ್ರಮ. ಡಬ್ಬದ ಮೇಲೆ ಆ ಹೆಸರಿದ್ದರೆ ಸಂಖ್ಯೆಯನ್ನು ಮಟ್ಟಿಗೆ ನಂಬಬಹುದು.

ಹೆಸರಿಲ್ಲದ ಡಬ್ಬಕ್ಕೂ ಒಂದು ಪರೀಕ್ಷೆಯಿದೆ. ಇದಕ್ಕೆ ಮೀಟರೂ ಬೇಡ. ಆಂಪ್ಲಿಫೈಯರಿನ ಪಕ್ಕದಲ್ಲಿ ಸಿಕ್ಕಿಸಿರುವ ಫ್ಯೂಸುಗಳ ಮೇಲಿನ ಅಂಕಿಯನ್ನು ಓದಿ. ೩೦ ಎಂದಿದ್ದರೆ ಅದರ ಮೂಲಕ ನಿರಂತರವಾಗಿ ಒಳಗೆ ಹೋಗಬಲ್ಲದ್ದು ೩೦ ಆಂಪಿಯರ್, ೧೪.೪ರಿಂದ ಗುಣಿಸಿದರೆ ೪೩೨ ವ್ಯಾಟ್. ಇಂದಿನ ‘ಕ್ಲಾಸ್ ಡಿ’ ಜಾತಿಯ ಆಂಪ್ಲಿಫೈಯರು ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹೊರಗೆ ಕೊಟ್ಟರೆ ಸುಮಾರು ೩೪೫ ವ್ಯಾಟ್. ಹಳೆಯ ‘ಕ್ಲಾಸ್ ಎ.ಬಿ.’ ಆದರೆ ಅರ್ಧದಷ್ಟು, ೨೨೦ರ ಹತ್ತಿರ. ಆ ಪೆಟ್ಟಿಗೆಯ ಮೇಲೆ ‘೧೮೦೦ ವ್ಯಾಟ್’ ಎಂದು ಬರೆದಿದ್ದರೆ ಅದನ್ನು ಮತ್ತೆ ಗಾಜಿನ ಬೀರುವಿಗೇ ಹಿಂತಿರುಗಿಸಿ ಬನ್ನಿ. ನಾನು ಈ ಪರೀಕ್ಷೆಯನ್ನು ಮೂರು ಅಂಗಡಿಗಳಲ್ಲಿ ಮಾಡಿದೆ. ಎರಡು ಕಡೆ ಅಂಗಡಿಯವರ ಮುಖ ಬಾಡಿತು. ಮೂರನೆಯ ಕಡೆ ಮಾಲೀಕರು ನಕ್ಕು, ಒಳಗಿನಿಂದ ಬೇರೊಂದು ಪೆಟ್ಟಿಗೆಯನ್ನು ತಂದಿಟ್ಟರು.

ಈಗ ಎಲ್ಲಕ್ಕಿಂತ ಹೆಚ್ಚು ಅನರ್ಥಕ್ಕೆ ಕಾರಣವಾಗಿರುವ ವಿಷಯಕ್ಕೆ ಬರುತ್ತೇನೆ. ಸಬ್‌ವೂಫರಿನ ಕೋನಿನ ಹಿಂದೆ, ಅಯಸ್ಕಾಂತದ ನಡುವೆ, ತಾಮ್ರದ ತಂತಿಯ ಒಂದು ಸುರುಳಿ ಇರುತ್ತದೆ. ಅದೇ ವಾಯ್ಸ್ ಕಾಯಿಲ್. ೧೯೨೫ರಲ್ಲಿ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಅಮೆರಿಕದ ಇಂಜಿನಿಯರುಗಳು ವಿವರಿಸಿದ ರಚನೆಯೇ ಮೂಲತಃ ಇಂದಿಗೂ ನಡೆದುಬಂದಿದೆ. ಆದರೆ ಈಗಿನ ಅನೇಕ ಸಬ್‌ವೂಫರುಗಳಲ್ಲಿ ಒಂದಲ್ಲ, ಎರಡು ಸುರುಳಿಗಳು. ‘ಡ್ಯುಯಲ್ ೪ ಓಮ್’ ಎಂದರೆ ನಾಲ್ಕು ನಾಲ್ಕು ಓಮಿನ ಎರಡು ಸುರುಳಿ. ಇವನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಕಟ್ಟಿ ಸಾಲಾಗಿ ಜೋಡಿಸಿದರೆ ೮ ಓಮ್. ಪಕ್ಕಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿದರೆ ೨ ಓಮ್. ‘ಡ್ಯುಯಲ್ ೨ ಓಮ್’ ಆದರೆ ಸಾಲಿಗೆ ೪, ಸಮಾಂತರಕ್ಕೆ ೧. ಒಂದೇ ಸ್ಪೀಕರು, ನಾಲ್ಕು ಸ್ಕ್ರೂಗಳು. ತಂತಿಯ ಒಂದು ತುಂಡನ್ನು ಎಲ್ಲಿ ಸಿಕ್ಕಿಸುತ್ತೀರೆಂಬುದರ ಮೇಲೆ ಅದರ ಗುಣವೇ ಬೇರೆಯಾಗುತ್ತದೆ. ಸಮಾಸವನ್ನು ಬಿಡಿಸುವಾಗ ವಿಭಕ್ತಿಯನ್ನು ತಪ್ಪಾಗಿ ಹಿಡಿದರೆ ತತ್ಪುರುಷ ಬಹುವ್ರೀಹಿಯಾಗುವಂತೆ.

ನಮ್ಮ ತರಗತಿಯ ಮಿತ್ರನೊಬ್ಬನ ಅಣ್ಣ ಹಳದಿ ಬೋರ್ಡಿನ ಕಾರಿಟ್ಟುಕೊಂಡಿದ್ದಾರೆ. ಕಳೆದ ವರ್ಷ ಕೊಬ್ಬರಿ ಮಾರಿ ಬಂದ ಹಣದಲ್ಲಿ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಎರಡು ಹನ್ನೆರಡು ಅಂಗುಲದ ಸಬ್‌ವೂಫರುಗಳನ್ನೂ ಒಂದು ಆಂಪ್ಲಿಫೈಯರನ್ನೂ ಹಾಕಿಸಿದರು. ಸ್ಪೀಕರುಗಳು ಡ್ಯುಯಲ್ ೨ ಓಮ್. ಆಂಪ್ಲಿಫೈಯರಿನ ಮಿತಿ ೨ ಓಮ್. ಜೋಡಿಸಿದವನು ನಾಲ್ಕು ಸುರುಳಿಗಳನ್ನೂ ಸಮಾಂತರವಾಗಿ ಕಟ್ಟಿದ. ಫಲಿತಾಂಶ ಅರ್ಧ ಓಮ್! ಹತ್ತು ದಿನ ಅದ್ಭುತವಾಗಿ ಬಾರಿಸಿತಂತೆ. ನಡುನಡುವೆ ಕೆಂಪು ದೀಪ ಹತ್ತಿ ನಿಲ್ಲುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹಾಡುತ್ತಿತ್ತು. ಹನ್ನೊಂದನೆಯ ದಿನ ಧರ್ಮಸ್ಥಳದ ಬಾಡಿಗೆ ಮುಗಿಸಿ ಬರುವಾಗ, ರಾತ್ರಿ, ಹಿಂದಿನಿಂದ ಬೇಕಲೈಟ್ ಸುಟ್ಟ ವಾಸನೆ. ಬಾಡಿಗೆಯವರು ಮಕ್ಕಳನ್ನೆತ್ತಿಕೊಂಡು ಘಾಟಿಯ ರಸ್ತೆಯಲ್ಲಿ ಇಳಿದು ನಿಲ್ಲಬೇಕಾಯಿತು. ಅಂಗಡಿಯವನನ್ನು ಕೇಳಿದರೆ, “ನಿಮ್ಮ ಬ್ಯಾಟರಿ ವೀಕು” ಎಂದ.

ಈ ಪ್ರಸಂಗದಲ್ಲಿ ನನಗೆ ಅತ್ಯಂತ ಬೇಸರ ತಂದ ಸಂಗತಿ ಸುಟ್ಟ ಯಂತ್ರವಲ್ಲ. ಅದೇ ಸ್ಪೀಕರುಗಳಲ್ಲಿ ಪ್ರತಿಯೊಂದರ ಎರಡು ಸುರುಳಿಗಳನ್ನು ಸಾಲಾಗಿ ಕಟ್ಟಿ ನಾಲ್ಕು ನಾಲ್ಕು ಓಮ್ ಮಾಡಿಕೊಂಡು, ಆ ಎರಡನ್ನು ಸಮಾಂತರವಾಗಿ ಜೋಡಿಸಿದ್ದರೆ ಸರಿಯಾಗಿ ೨ ಓಮ್ ಆಗುತ್ತಿತ್ತು. ಆಂಪ್ಲಿಫೈಯರು ಕೇಳುತ್ತಿದ್ದುದೂ ಅದನ್ನೇ. ಒಂದು ಪೈಸೆಯ ಹೆಚ್ಚಿನ ಖರ್ಚಿಲ್ಲ. ಗೇಣುದ್ದದ ಎರಡು ತುಂಡು ತಂತಿ. ಹದಿನೆಂಟು ಸಾವಿರ ಉಳಿಯಲು ಬೇಕಾಗಿದ್ದುದು ಅಷ್ಟೇ.

ಎರಡು ಅಥವಾ ನಾಲ್ಕು ಚಾನಲುಗಳಿರುವ ಆಂಪ್ಲಿಫೈಯರನ್ನು ‘ಬ್ರಿಡ್ಜ್’ ಮಾಡಿ ಸಬ್‌ವೂಫರಿಗೆ ಹಚ್ಚುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಆಗ ಎರಡು ಚಾನಲುಗಳು ಒಂದು ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಂತೆ. ಪ್ರತಿಯೊಂದಕ್ಕೂ ಸ್ಪೀಕರಿನ ಓಮಿನ ಅರ್ಧ ಮಾತ್ರ ಕಾಣುತ್ತದೆ. ಚಾನಲಿಗೆ ೨ ಓಮ್ ಮಿತಿಯುಳ್ಳ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾಡಿದರೆ ೪ ಓಮಿನ ಸ್ಪೀಕರೇ ಅದರ ಗಡಿ. ‘೨ ಓಮ್ ತಡೆಯುತ್ತದೆ’ ಎಂಬ ಅರ್ಧ ಮಾತನ್ನು ಕೇಳಿ ೨ ಓಮಿನ ಸ್ಪೀಕರನ್ನು ಬ್ರಿಡ್ಜಿಗೆ ಕಟ್ಟಿದವರು ಬಹಳ ಮಂದಿ.

ಹಳ್ಳಿಯಿಂದ ಬಂದ ನಮಗೆಲ್ಲ ವಿದ್ಯುತ್ತಿನ ಮೊದಲ ಗುರು ಪಂಪ್‌ಸೆಟ್ಟು. ಕರೆಂಟು ‘ಡಿಮ್ಮಾ’ದರೆ ಮೋಟರು ಸುಡುತ್ತದೆಂಬುದು ನಮಗೆ ಬಾಲ್ಯದಿಂದಲೇ ಗೊತ್ತು, ಪ್ರತಿ ಬೇಸಗೆಯಲ್ಲೂ ರಿವೈಂಡಿಂಗ್ ಅಂಗಡಿಯ ಮುಂದೆ ಮೋಟರುಗಳ ಸಾಲು ನೋಡಿದ್ದೇವೆ. ಈ ಅನುಭವವನ್ನೇ ಸ್ಪೀಕರಿಗೂ ಅನ್ವಯಿಸಿ, ‘ಕಡಿಮೆ ವ್ಯಾಟಿನ ಆಂಪ್ಲಿಫೈಯರು ಹಾಕಿದರೆ ಸ್ಪೀಕರು ಸುಟ್ಟುಹೋಗುತ್ತದೆ’ ಎಂದು ಹೇಳುವವರಿದ್ದಾರೆ. ಮಾತು ಕೇಳಲು ಸಮಂಜಸವಾಗಿ ಕಂಡರೂ ತಪ್ಪು. ಒತ್ತಡ ಕಡಿಮೆಯಾದಾಗ ಮೋಟರು ಅದೇ ನೀರನ್ನು ಎತ್ತಬೇಕೆಂದು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಬಿಸಿಯಾಗುತ್ತದೆ. ಸ್ಪೀಕರಿಗೆ ಎತ್ತಬೇಕಾದ ನೀರಿಲ್ಲ. ಕಡಿಮೆ ಕೊಟ್ಟರೆ ಮೆಲ್ಲಗೆ ಹಾಡುತ್ತದೆ, ಅಷ್ಟೆ.

ಹಾಗಾದರೆ ಸಣ್ಣ ಆಂಪ್ಲಿಫೈಯರು ಹಾಕಿದವರ ಸ್ಪೀಕರುಗಳು ಸುಟ್ಟದ್ದೂ ನಿಜವಲ್ಲವೆ? ನಿಜ. ಆದರೆ ಅದು ಕೈ ಮಾಡಿದ ಕೆಲಸ. ಸದ್ದು ಸಾಲದೆಂದು ಗೇಯ್ನಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಆಂಪ್ಲಿಫೈಯರಿಗೆ ಕೊಡಲು ಮೇಲೆ ವೋಲ್ಟೇಜಿಲ್ಲ. ಅಲೆಯ ಶಿಖರವನ್ನು ಕತ್ತರಿಸಿ ಚಪ್ಪಟೆ ಮಾಡಿಬಿಡುತ್ತದೆ. ಬೆಟ್ಟ ಇದ್ದದ್ದು ಪ್ರಸ್ಥಭೂಮಿ ಆದಂತೆ. ಇದಕ್ಕೇ ಕ್ಲಿಪ್ಪಿಂಗ್ ಎನ್ನುವುದು. ಎತ್ತರ ಅಷ್ಟೇ ಇದ್ದರೂ ಚೌಕಾಕಾರದ ಅಲೆಯಲ್ಲಿ ನುಣುಪಾದ ಅಲೆಯ ಎರಡರಷ್ಟು ಶಕ್ತಿ ಇರುತ್ತದೆ. ೨೦೦ ವ್ಯಾಟಿನ ಆಂಪ್ಲಿಫೈಯರು ಹೀಗೆ ೪೦೦ರ ಹತ್ತಿರ ಕೊಡತೊಡಗುತ್ತದೆ; ೨೦೦ನ್ನೇ ತಡೆಯಬಲ್ಲ ಸುರುಳಿ ಹೊತ್ತಿಕೊಳ್ಳುತ್ತದೆ. ೫೦೦ ತಡೆಯುವ ಸುರುಳಿಗೆ ೧೦೦ ವ್ಯಾಟಿನ ಆಂಪ್ಲಿಫೈಯರು ಹಾಕಿ ಎಷ್ಟು ಕಿರುಚಿಸಿದರೂ ಇನ್ನೂರು ದಾಟುವುದಿಲ್ಲ. ಕಿವಿಗೆ ಹಿಂಸೆಯೇ ಹೊರತು ಸ್ಪೀಕರಿಗೆ ಹಾನಿಯಿಲ್ಲ. ಸುರುಳಿಗೆ ತಗುಲುವುದು ಕೊನೆಗೂ ಶಾಖದ ಲೆಕ್ಕವೇ. ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲು ಶಬ್ದವಾದರೆ ಹೆಚ್ಚು, ಉಳಿದುದೆಲ್ಲ ಶಾಖ. ಐನೂರು ವ್ಯಾಟೆಂದರೆ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಕಾವು ಅಂಗೈಯಗಲದ ಒಂದು ಸುರುಳಿಯಲ್ಲಿ!

ಸ್ಪೀಕರಿನ ಆರ್.ಎಂ.ಎಸ್. ವ್ಯಾಟಿಗೂ ಆಂಪ್ಲಿಫೈಯರಿನ ಆರ್.ಎಂ.ಎಸ್. ವ್ಯಾಟಿಗೂ, ಅದೇ ಓಮಿನಲ್ಲಿ, ಎಷ್ಟು ಹೊಂದಿಕೆ ಇರಬೇಕು? ಬಲ್ಲವರು ಮುಕ್ಕಾಲಿನಿಂದ ಒಂದೂವರೆ ಪಟ್ಟಿನವರೆಗೆ ಎನ್ನುತ್ತಾರೆ. ಆಂಪ್ಲಿಫೈಯರು ಸ್ವಲ್ಪ ದೊಡ್ಡದೇ ಇರಲಿ, ಕತ್ತರಿಸದೆ ಕೊಡುತ್ತದೆ ಎಂಬುದು ಅವರ ವಾದ. ಗೇಯ್ನನ್ನು ಹೊಂದಿಸಬಲ್ಲವನ ಒಬ್ಬನ ಕೈಯಲ್ಲೇ ಕಾರಿರುವಾಗ ಈ ವಾದ ಸರಿ. ಆದರೆ ನಮ್ಮ ಕಾರುಗಳು ಒಬ್ಬರ ಕೈಯಲ್ಲಿರುವಂಥವಲ್ಲ. ಮದುವೆಗೆಂದು ಸೋದರಮಾವ ಒಯ್ಯುತ್ತಾರೆ, ಗಣಪತಿ ಬಿಡಲು ಬೀದಿಯ ಹುಡುಗರು ಒಯ್ಯುತ್ತಾರೆ. ಯಾರೋ ಒಬ್ಬನಿಗೆ ತಿರುಗಣೆ ಕಂಡೇ ಕಾಣುತ್ತದೆ. ಆದಕಾರಣ ಸರಿಸಮ, ಇಲ್ಲವೆ ಒಂದು ಕೂದಲೆಳೆ ಕಡಿಮೆ ಇರುವುದೇ ಮೇಲೆಂದು ನನ್ನ ಅಭಿಪ್ರಾಯ. ಸ್ಪೀಕರು ೩೦೦ ಆದರೆ ಆಂಪ್ಲಿಫೈಯರು ೨೫೦ರಿಂದ ೩೦೦.

ಕಡಿಮೆಯಾಯಿತಲ್ಲ ಎಂದು ಮರುಗುವವರಿಗೆ ಕಿವಿಯ ಲೆಕ್ಕ ಹೇಳಬೇಕು. ವ್ಯಾಟನ್ನು ಎರಡರಷ್ಟು ಮಾಡಿದರೆ ಸದ್ದು ಏರುವುದು ೩ ಡೆಸಿಬೆಲ್. ‘ಸ್ವಲ್ಪ ಹೆಚ್ಚಾಯಿತು’ ಎನ್ನುವಷ್ಟು. ಎರಡರಷ್ಟು ಜೋರಾಗಿ ಕೇಳಿಸಬೇಕಾದರೆ ೧೦ ಡೆಸಿಬೆಲ್ ಏರಬೇಕು. ಅದಕ್ಕೆ ವ್ಯಾಟು ಹತ್ತರಷ್ಟು ಆಗಬೇಕು. ೫೦೦ರಿಂದ ೧೦೦೦ಕ್ಕೆ ಹೋಗಲು ಸುರಿಯುವ ಹಣದಿಂದ ಕೊಳ್ಳುವುದು ಆ ಮೂರು ಡೆಸಿಬೆಲ್ ಮಾತ್ರ. ಸ್ಪೀಕರಿನ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ೮೪ ಇರುವ ಸ್ಪೀಕರಿಗೂ ೯೦ ಇರುವ ಸ್ಪೀಕರಿಗೂ ಆರು ಡೆಸಿಬೆಲ್ ಅಂತರ, ಎಂದರೆ ವ್ಯಾಟಿನಲ್ಲಿ ನಾಲ್ಕು ಪಟ್ಟು. ಒಂದು ಓಮಿನ ಬೆನ್ನುಹತ್ತಿ ಎರಡು ಸಾವಿರ ವ್ಯಾಟಿಗೆ ಏಣಿ ಹಾಕುವುದಕ್ಕಿಂತ, ಹನ್ನೆರಡು ಅಂಗುಲದ ಒಂದೇ ಒಳ್ಳೆಯ ಸ್ಪೀಕರು, ಅದರ ಕಾಗದದಲ್ಲಿ ಹೇಳಿದ ಅಳತೆಯ ಗಟ್ಟಿಯಾದ ಮರದ ಪೆಟ್ಟಿಗೆ, ೩೦೦ ನಿಜವಾದ ವ್ಯಾಟು ಇವನ್ನು ನಾನು ಮೆಚ್ಚುತ್ತೇನೆ. ಪೆಟ್ಟಿಗೆಯ ಮಾತು ಬೇರೆಯೇ ಒಂದು ಲೇಖನಕ್ಕೆ ಸಾಕು. ತಂಬೂರಿಯ ಬುರುಡೆ ಒಡೆದರೆ ತಂತಿ ಎಷ್ಟು ಒಳ್ಳೆಯದಾದರೇನು ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

ವಿದ್ಯುತ್ತು ಎಲ್ಲಿಂದ ಬರಬೇಕೆಂಬುದನ್ನೂ ಕೇಳಬೇಡವೆ? ೫೦೦ ವ್ಯಾಟ್ ಹೊರಗೆ ಬರಬೇಕಾದರೆ ಒಳಗೆ ೬೨೫ ಹೋಗಬೇಕು, ೧೩.೮ ವೋಲ್ಟಿನಲ್ಲಿ ಅದು ಸುಮಾರು ೪೫ ಆಂಪಿಯರ್. ನಮ್ಮ ಸಣ್ಣ ಕಾರುಗಳ ಆಲ್ಟರ್ನೇಟರ್ ಒಟ್ಟು ಕೊಡುವುದೇ ಸಾಮಾನ್ಯವಾಗಿ ಅರುವತ್ತರಿಂದ ತೊಂಬತ್ತು ಆಂಪಿಯರ್, ಹೆಡ್‌ಲೈಟು, ಏ.ಸಿ. ಫ್ಯಾನು, ಇಂಜಿನ್ನಿನ ಯಂತ್ರಗಳೆಲ್ಲ ಅದರಲ್ಲೇ ಬದುಕಬೇಕು. ಡೋಲಿನ ಪೆಟ್ಟು ಬಿದ್ದಾಗಲೆಲ್ಲ ಹೆಡ್‌ಲೈಟು ಕಣ್ಣು ಮಿಟುಕಿಸುವ ಕಾರುಗಳನ್ನು ನೋಡಿದ್ದೀರಲ್ಲ? ಕೆಲವರಿಗೆ ಅದೊಂದು ಹೆಮ್ಮೆ. ಅದು ಹಸಿದ ಬ್ಯಾಟರಿಯ ನರಳಾಟ. ಇಷ್ಟು ಪ್ರವಾಹವನ್ನು ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಗೆ ಒಯ್ಯಲು ‘೪ ಗೇಜ್’ ಎಂಬ, ಸುಮಾರು ೨೧ ಚದರ ಮಿಲಿಮೀಟರಿನ ತಾಮ್ರದ ಕೇಬಲು ಬೇಕು. ಮನೆಯ ದೀಪದ ವೈರು ಒಂದೂವರೆ ಚದರ ಮಿಲಿಮೀಟರ್ ಎಂಬುದನ್ನು ನೆನೆದರೆ ಇದರ ಗಾತ್ರ ಅರ್ಥವಾದೀತು. ಅಗ್ಗದ ಕೇಬಲುಗಳು ಒಳಗೆ ಅಲ್ಯೂಮಿನಿಯಮ್, ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಮ್ ಅದೇ ಗಾತ್ರದಲ್ಲಿ ತಾಮ್ರದ ಐದರಲ್ಲಿ ಮೂರು ಪಾಲಿನಷ್ಟೇ ವಿದ್ಯುತ್ತನ್ನು ಹರಿಯಗೊಡುತ್ತದೆ. ಚಾಕುವಿನಿಂದ ಒಂದು ಎಳೆಯನ್ನು ಕೆರೆದು ನೋಡಿದರೆ ಬಿಳಿಯ ಬಣ್ಣ ಹೊರಬೀಳುತ್ತದೆ.

ಕೇಬಲಿಗೆ ಬ್ಯಾಟರಿಯಿಂದ ಒಂದು ಮೊಳದೊಳಗೆ ಒಂದು ಫ್ಯೂಸು ಇರಲೇಬೇಕು. ಆ ಫ್ಯೂಸಿರುವುದು ಆಂಪ್ಲಿಫೈಯರನ್ನು ಕಾಯುವುದಕ್ಕಲ್ಲ. ತಂತಿ ತಗಡಿಗೆ ಉಜ್ಜಿ ಸಿಪ್ಪೆ ಹರಿದರೆ ಬ್ಯಾಟರಿಯ ಶಕ್ತಿಯೆಲ್ಲ ಆ ಒಂದೇ ಜಾಗದಲ್ಲಿ ಹರಿದು ಬೆಂಕಿ ಹೊತ್ತದಂತೆ ಕಾಯುವುದು ಅದರ ಕೆಲಸ. ಫ್ಯೂಸನ್ನು ಡಿಕ್ಕಿಯಲ್ಲಿ ಹಾಕಿ ‘ಹಾಕಿದ್ದೀವಲ್ಲ’ ಎನ್ನುವವರನ್ನು ಕಂಡಿದ್ದೇನೆ. ಊರ ಬಾಗಿಲನ್ನು ಬಿಟ್ಟು ಅಡಿಗೆಮನೆಯ ಬಾಗಿಲಿಗೆ ಕಾವಲಿಟ್ಟಂತೆ.

ಇಷ್ಟೆಲ್ಲ ಹೇಳಿದವನು ಬೀದಿಯ ಶಾಂತಿಯ ಮಾತೆತ್ತದಿದ್ದರೆ ಅಧ್ಯಾಪಕರು ಕೇಳದೆ ಇರಲಾರರು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ಆಸ್ಪತ್ರೆ, ನ್ಯಾಯಾಲಯ, ವಿದ್ಯಾಸಂಸ್ಥೆಗಳ ಸುತ್ತ ನೂರು ಮೀಟರಿನವರೆಗಿನ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ನಮ್ಮ ಕಾಲೇಜಿನ ಗೇಟಿನ ಮುಂದೆ ಜನ್ಮದಿನ ಆಚರಿಸುವ ಮಿತ್ರರು ಇದನ್ನು ಓದಲಿ. ಹೊಂದಿಕೆಯಾದ ಸಬ್‌ವೂಫರಿನ ಒಂದು ಗುಣವೇನೆಂದರೆ ಮೆಲ್ಲಗೆ ಇಟ್ಟರೂ ಮೃದಂಗದ ಎಡದ ಗುಮುಕು ಸ್ಪಷ್ಟವಾಗಿ ಕೇಳುತ್ತದೆ. ಹೊಂದಿಕೆಯಿಲ್ಲದ್ದು ಮೆಲ್ಲಗಿಟ್ಟರೆ ಏನೂ ಕೇಳದು, ಜೋರಾಗಿಟ್ಟರೆ ನಂಬರ್ ಪ್ಲೇಟಿನ ಸದ್ದೇ ಕೇಳುವುದು.

ಕೊನೆಯದಾಗಿ ಒಂದು ಸಲಹೆಯನ್ನು ವಿದ್ಯಾರ್ಥಿ ಸಂಘದ ಮುಂದಿಡುತ್ತೇನೆ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರನ್ನು ಸಂಘದ ಹಣದಿಂದ ಕೊಂಡು, ಗ್ರಂಥಾಲಯದಲ್ಲಿ ಪುಸ್ತಕದಂತೆಯೇ ಕಾರ್ಡಿನ ಮೇಲೆ ಒಂದು ದಿನದ ಮಟ್ಟಿಗೆ ಕೊಡುವ ಏರ್ಪಾಟಾಗಲಿ. ಅದರಿಂದ ಎರಡು ಕೆಲಸ ಆಗುತ್ತದೆ. ಜೋಡಿಸಿದ ಸ್ಪೀಕರಿನ ಎರಡು ತುದಿಗಳಿಗೆ, ಆಂಪ್ಲಿಫೈಯರಿನಿಂದ ಬಿಡಿಸಿ, ಓಮಿನ ಮನೆಯಲ್ಲಿ ಮುಟ್ಟಿಸಿ ನೋಡುವುದು ಒಂದು. ೪ ಓಮಿನದು ಸಾಮಾನ್ಯವಾಗಿ ೩.೨ರಿಂದ ೩.೭ರ ನಡುವೆ ತೋರಿಸುತ್ತದೆ, ಗಾಬರಿ ಬೇಡ. ಮೀಟರು ಅಳೆಯುವುದು ತಂತಿಯ ಅಡ್ಡಿಯನ್ನು ಮಾತ್ರ, ಹಾಡುವಾಗಿನ ಇಂಪೀಡೆನ್ಸ್ ಸ್ವರ ಬದಲಾದಂತೆ ಬದಲಾಗುತ್ತದೆ; ನಾಲ್ಕೆಂಬುದು ನಾಮಮಾತ್ರ. ಆದರೆ ಅರ್ಧವನ್ನೋ ಒಂದನ್ನೋ ತೋರಿಸಿದರೆ ಜೋಡಣೆ ತಪ್ಪಿದೆಯೆಂದು ತಿಳಿದು ಅಂಗಡಿಗೆ ಹಿಂತಿರುಗಬಹುದು. ಗೇಯ್ನನ್ನು ಹೊಂದಿಸುವುದು ಎರಡನೆಯದು. ಸ್ಪೀಕರನ್ನು ಬಿಡಿಸಿ, ಬೇಸ್ ಬೂಸ್ಟನ್ನು ಸೊನ್ನೆಗಿಟ್ಟು, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ತಂದು, ೫೦ ಹರ್ಟ್ಸಿನ ಒಂದು ಶುದ್ಧ ಸ್ವರವನ್ನು ಹಾಕಬೇಕು. ನಮ್ಮ ಮನೆಯ ಕರೆಂಟೂ ೫೦ ಹರ್ಟ್ಸೇ ಆದ್ದರಿಂದ ಅಗ್ಗದ ಮೀಟರೂ ಇದನ್ನು ಸರಿಯಾಗಿ ಓದುತ್ತದೆ. ಬೇಕಾದ ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ವೋಲ್ಟ್ ಬರಬೇಕೆಂಬುದು ಸಿಗುತ್ತದೆ: ೪ ಓಮಿಗೆ ೩೦೦ ವ್ಯಾಟ್ ಆದರೆ ೩೪.೬, ೨ ಓಮಿಗೆ ಅದೇ ೩೦೦ ಆದರೆ ೨೪.೫. ಮೀಟರಿನಲ್ಲಿ ಆ ಅಂಕಿ ಬರುವವರೆಗೆ ತಿರುಗಣೆಯನ್ನು ನಿಧಾನವಾಗಿ ತಿರುಗಿಸಿ ಅಲ್ಲಿಗೆ ನಿಲ್ಲಿಸಬೇಕು. ಬಳಿಕ ಅದರ ಮೇಲೆ ಒಂದು ಚೂರು ಟೇಪು ಅಂಟಿಸಿಬಿಟ್ಟರೆ ಸೋದರಮಾವನಿಂದಲೂ ರಕ್ಷಣೆ. ಇದಕ್ಕೆ ಹಿಡಿಯುವ ಕಾಲ ಇಪ್ಪತ್ತು ನಿಮಿಷ. ವರ್ಗಮೂಲ ತೆಗೆಯಲು ಮರೆತವರು ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಪತ್ರಿಕೆ ಓದುತ್ತಿರುವವರನ್ನು ಕೇಳಬಹುದು.